ಐದನೆಯ ಚುಕ್ಕೆ

ಬಿಳಿಗೆರೆ
14-8-2003, ಗುರುವಾರ

ತಮ್ಮ ಮರುಳಸಿದ್ದಯ್ಯನಿಗೆ ಅಕ್ಕನ ಆಶೀರ್ವಾದ.

ಇತ್ತ ಕಡೆ ಎಲ್ಲರೂ ಕ್ಷೇಮ ಅಂತ ಶುರು ಮಾಡುವುದು ವಾಡಿಕೆ. ನಾನು ಹಾಗೆ ಬರೆಯುವುದಿಲ್ಲ. ಕ್ಷೇಮ ಇಲ್ಲ. ನಮ್ಮ ಪಕ್ಕದ ತೋಟದ ಗಂಗಕ್ಕ ತಿಪಟೂರಿನ ಆಸ್ಪತ್ರೆಯಲ್ಲಿ ಮಲಗಿ ಇವತ್ತಿಗೆ ಮೂರು ದಿನ. ಈ ಕಾಗದ ತಂದಿರುವವನು ಅವಳ ಮಗ ದಿನೇಶ. ಬಿಳಿಗೆರೆಯಿಂದ ಹುಳಿಯಾರಿನವರೆಗೆ ತನ್ನ ಲಗೇಜ್ ಆಟೋ ಓಡಿಸಿಕೊಂಡು ಬಂದಿದ್ದಾನೆ. ಅವನನ್ನು ಅಂಗಡಿ ಹೊರಗೆ ನಿಲ್ಲಿಸಬೇಡ. ಒಳಗೆ ಕೂರಿಸಿ, ಅವನೆದುರಿಗೇ ಇದನ್ನು ಓದು. ನನಗೆ ಬೇಕಾಗಿರುವುದು ಒಂದೇ ಉತ್ತರ. ಒಂದು ಕೇಜಿ ಪುಡಿಗೆ ಎಷ್ಟು ಮಾತ್ರೆ ಅರೆದು ಹಾಕುತ್ತಿದ್ದೆ, ಯಾವ ಮಾತ್ರೆ? ಚೀಟಿಯಲ್ಲಿ ಬರೆದು ಅವನ ಕೈಲಿ ಕೊಡು. ಡಾಕ್ಟರು ಕಾಯುತ್ತಿದ್ದಾರೆ.

ಯಾವ ಮಾತ್ರೆ ಅಕ್ಕ, ಏನು ಹೇಳ್ತಿದೀಯ, ಅನ್ನಬೇಡ. ನಾಲ್ಕು ಸಲ ಬೂತಿಗೆ ಹೋಗಿ ನಿನಗೆ ಫೋನ್ ಮಾಡಿದೆ. ಮೊದಲನೇ ಸಲ, ನಿನ್ನ ಮಗಳು ಕಾಲೇಜಿನಲ್ಲಿ ಕಂಡದ್ದನ್ನು ಹೇಳಿದರೆ, "ಆ ಮಗೂಗೆ ಗಾಜು ತೊಳೆಯಕ್ಕೂ ಬರಲ್ಲ ಕಣಕ್ಕ, ಅದ್ಯಾವುದೋ ಕಲೆ, ಬುಡು" ಅಂದೆ. ಎರಡನೇ ಸಲ ಅದು ಸೊಪ್ಪಿನಲ್ಲೇ ಇರುವ ಸತ್ವ ಅಂದೆ. ಮೂರನೇ ಸಲ ನಿನ್ನ ಹೆಂಡತಿ, ಅವರು ಸಂತೆಗೆ ಹೋಗಿದಾರೆ ಅತ್ತಿಗೆ, ಅಂದಳು. ಹಿಂದುಗಡೆ ನಿನ್ನ ಕೆಮ್ಮು ಕೇಳಿಸುತ್ತಿತ್ತು. ನಲವತ್ತೆರಡು ವರ್ಷದಿಂದ ಕೇಳುತ್ತಿರುವ ಕೆಮ್ಮು, ನನಗೆ ಗೊತ್ತಾಗಲ್ಲವೇನೋ? ನಾಲ್ಕನೇ ಸಲ ಯಾರೂ ಎತ್ತಲಿಲ್ಲ.

ಕಲೆಯೋ ಸತ್ವವೋ, ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ನೀನು ನೋಡಿಲ್ಲ. ಆದ್ದರಿಂದ ಹೇಳುತ್ತೇನೆ, ಕೇಳು.

ನಿನ್ನ ಮಗಳು ಜೀವಿತಾ ಫಾರ್ಮಸಿ ಓದಿನ ಕೊನೇ ವರ್ಷಕ್ಕೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಬೇರೆ ಮಕ್ಕಳು ತುಳಸಿ, ಅರಿಶಿನ ಅಂತ ತೆಗೆದುಕೊಂಡರೆ ಇವಳು, ನಮ್ಮ ತಾತನ ಕಾಲದ ಕೀಲುನೋವಿನ ಪುಡಿ ಇದೆ ಮೇಡಂ, ನಮ್ಮಪ್ಪ ಅದನ್ನ ಊರೂರಿಗೆ ಮುಟ್ಟಿಸಿದಾರೆ, ಅಂತ ಹೆಮ್ಮೆಯಿಂದ ಹೇಳಿದ್ದಳಂತೆ. ತಾತನ ಹಾಗೆ ಕುಟ್ಟಿ ಊರವರಿಗೆ ಹಂಚುವವಳು ಅಂತ ನನ್ನ ಹತ್ತಿರ ಒಂದು ಹಿಡಿ ಪುಡಿ ಇಸಕೊಂಡಳು. ನಿನ್ನ ಅಂಗಡಿಯಿಂದ ಮೂರು ಪ್ಯಾಕೆಟ್ ತಗೊಂಡಳು, ನಮ್ಮಿಬ್ಬರ ಅಪ್ಪನ ಫೋಟೋ ಹಾಕಿಸಿ, ಮೂರೇ ದಿನದಲ್ಲಿ ಮಂಡಿ ಮಡಚಿ ಅಂತ ಅಚ್ಚು ಹೊಡೆಸಿದೀಯಲ್ಲ, ಅದನ್ನು. ಎರಡೂ ಒಂದೇ ಅಂತ ತೋರಿಸುವುದೇ ಅವಳ ಆಸೆ. ಒಂದೇ ಆಗಿರಲಿಲ್ಲ. ಅವಳು ಅಳುತ್ತಾ ನನಗೆ ಫೋನ್ ಮಾಡಿದಳು. ಮಾರನೆಯ ಬೆಳಗ್ಗೆ ಪೂಜೆ ಮುಗಿಸಿ ತುಮಕೂರಿನ ಬಸ್ಸು ಹತ್ತಿದೆ.

ನಾಲ್ಕನೇ ಕ್ಲಾಸಿಗೆ ಇಸ್ಕೂಲು ಬಿಟ್ಟವಳು ನಾನು. ಆದರೂ ಅದು ಅರ್ಥವಾಯಿತು. ಅಂಗೈಯಗಲದ ಗಾಜಿನ ಹಲಗೆ. ಅದರ ಮೇಲೆ ವಿಭೂತಿ ಬಳಿದ ಹಾಗೆ ತೆಳ್ಳಗೆ ಬಿಳಿ ಪುಡಿ ಮೆತ್ತಿರುತ್ತದೆ. ಕೆಳಗೆ ಪೆನ್ಸಿಲಿನಲ್ಲಿ ಒಂದು ಗೀಟು. ನಮ್ಮ ಪುಡಿಯನ್ನು ಸ್ಪಿರಿಟ್ಟಿನಂಥದ್ದರಲ್ಲಿ ನೆನೆಸಿ, ಆ ರಸವನ್ನು ಕೂದಲಿನಷ್ಟು ಸಣ್ಣ ಗಾಜಿನ ಕೊಳವೆಯಿಂದ ಗೀಟಿನ ಮೇಲೆ ಒಂದೊಂದು ಬೊಟ್ಟು ಇಡುತ್ತಾರೆ. ಮೊದಲ ಬೊಟ್ಟು ನನ್ನ ಪುಡಿದು, ಎರಡನೆಯದು ನಿನ್ನ ಪ್ಯಾಕೆಟ್ಟಿನದು, ಮೂರನೆಯದು ಮೆಡಿಕಲ್ ಸ್ಟೋರಿನಿಂದ ತಂದ ಸ್ಟೀರಾಯ್ಡ್ ಮಾತ್ರೆಯದು, ಬೇಗ ನೋವು ಇಳಿಸುವ ಪುಡಿಗಳಲ್ಲಿ ಕದ್ದು ಬೆರೆಸುವುದು ಅದನ್ನೇ ಅಂತೆ. ಹಲಗೆಯನ್ನು ಒಂದು ಗಾಜಿನ ಡಬ್ಬದಲ್ಲಿ ನಿಲ್ಲಿಸಿ ಮುಚ್ಚುತ್ತಾರೆ. ತಳದಲ್ಲಿ ಒಂದು ಬೆರಳಿನಷ್ಟೂ ಆಳವಿಲ್ಲದ, ಘಾಟು ಹೊಡೆಯುವ ನೀರು. ಸೀರೆಯ ಅಂಚು ಒದ್ದೆ ನೆಲಕ್ಕೆ ತಾಗಿದರೆ ಹೇಗೆ ನೀರು ಮೇಲೆ ಏರುತ್ತದೋ ಹಾಗೆ ಅದು ಹಲಗೆಯ ಮೇಲೆ ಏರುತ್ತದೆ. ಏರುವಾಗ ಬೊಟ್ಟಿನಲ್ಲಿ ಇರುವುದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಒಂದು ವಸ್ತು ಅಲ್ಲೇ ಕೂರುತ್ತದೆ, ಇನ್ನೊಂದು ಅರ್ಧಕ್ಕೆ ಹೋಗುತ್ತದೆ, ಮತ್ತೊಂದು ತುದಿಯವರೆಗೂ ಓಡುತ್ತದೆ. ಒಂದೊಂದಕ್ಕೂ ಅದರದೇ ಜಾಗ.

ಹಲಗೆ ಒಣಗಿದ ಮೇಲೆ ಕತ್ತಲೆ ಪೆಟ್ಟಿಗೆಯಲ್ಲಿಟ್ಟು ನೇರಳೆ ದೀಪ ಹಾಕಿದರು. ಹಲಗೆಯೆಲ್ಲ ಹಸಿರಾಗಿ ಹೊಳೆಯಿತು. ನನ್ನ ಪುಡಿಯ ಸಾಲಿನಲ್ಲಿ ನಾಲ್ಕು ಚುಕ್ಕೆ. ನಿನ್ನದರಲ್ಲಿ ಅದೇ ನಾಲ್ಕು, ಅವುಗಳ ನಡುವೆ ಐದನೆಯದೊಂದು, ದೃಷ್ಟಿಬೊಟ್ಟಿನ ಹಾಗೆ ಕಪ್ಪಗೆ. ಮಾತ್ರೆಯ ಸಾಲಿನಲ್ಲಿ ಇದ್ದದ್ದು ಒಂದೇ ಚುಕ್ಕೆ, ಅದೂ ಅಷ್ಟೇ ಎತ್ತರದಲ್ಲಿ. ನಾನು ಸೆರಗಿನ ಅಂಚು ಹಿಡಿದು ಅಳೆದು ನೋಡಿದೆ. ಅವಳ ಮೇಡಂ ಒಳ್ಳೆಯವರು. ಅಮ್ಮಾ, ಒಂದೇ ಎತ್ತರ ಅಂದ್ಮಾತ್ರಕ್ಕೆ ಒಂದೇ ವಸ್ತು ಅನ್ನಕ್ಕಾಗಲ್ಲ, ಅಂತ ತಳದ ನೀರು ಬದಲಿಸಿ ಇನ್ನೊಂದು ಹಲಗೆ ಮಾಡಿದರು. ಎಲ್ಲ ಚುಕ್ಕೆಗಳೂ ಜಾಗ ಬದಲಿಸಿದವು, ಆದರೆ ಆ ಎರಡು ಮತ್ತೆ ಜೊತೆಯಲ್ಲೇ ನಿಂತಿದ್ದವು. ಮೂರು ಪ್ಯಾಕೆಟ್ಟಿನಲ್ಲೂ ಹಾಗೇ.

ಸೊಪ್ಪಿನ ಸತ್ವ ಅಂದೆಯಲ್ಲ, ಲಕ್ಕಿ ಸೊಪ್ಪು, ಅಮೃತಬಳ್ಳಿ, ಮಂಗರವಳ್ಳಿ, ಒಣಶುಂಠಿ ನಿನಗೊಂದು ನನಗೊಂದು ಬೆಳೆಯುತ್ತದೇನೋ? ಒಂದೇ ಬೇಲಿಯಿಂದ ಕೊಯ್ದ ಸೊಪ್ಪು. ನನ್ನ ಸಾಲಿನಲ್ಲಿ ಯಾಕಿಲ್ಲ ಆ ಚುಕ್ಕೆ?

ಆ ಹುಡುಗಿ ಆಗಲೂ ನಿನ್ನನ್ನು ಬಿಟ್ಟುಕೊಡಲಿಲ್ಲ ಕಣಪ್ಪ. ಅಪ್ಪ ಹಾಕಿರಲ್ಲ ಅತ್ತೆ, ಪ್ಯಾಕ್ ಮಾಡೋರು ಯಾರೋ ಮಾಡಿರ್ತಾರೆ, ಅಂದಳು. ಅಪ್ಪನ ಗುಟ್ಟು ಅಂತ ಬಾಗಿಲು ಹಾಕಿಕೊಂಡು ಬೆರೆಸುವವನು ನೀನೊಬ್ಬನೇ ಅಂತ ಅವಳಿಗೂ ಗೊತ್ತು. ಕ್ಲಾಸಿನ ಮಕ್ಕಳೆಲ್ಲ ಆ ಹಲಗೆ ನೋಡಿದ್ದಾರೆ. ಮಾರನೇ ದಿನದಿಂದ ಅವಳು ಊಟದ ಡಬ್ಬಿ ಒಬ್ಬಳೇ ಬಿಚ್ಚುತ್ತಾಳಂತೆ.

ಅಪ್ಪ ಏನು ಹೇಳುತ್ತಿದ್ದರು? ಈ ಪುಡಿ ಮೂರು ತಿಂಗಳು ಪಥ್ಯ ಹಿಡಿದವರಿಗೆ, ಆತುರಗಾರರಿಗಲ್ಲ. ನೀನು ಮಾರಲು ಶುರುಮಾಡಿದಾಗಲೂ ನಾನು ಜಗಳ ತೆಗೆಯಲಿಲ್ಲ. ಸಂಸಾರಸ್ಥ, ಮಾಡಿಕೊಳ್ಳಲಿ ಅಂದೆ. ಮೂರು ದಿನಕ್ಕೆ ಮಂಡಿ ಮಡಚಿತು ಅಂತ ಜನ ಬಂದು ಹೇಳಿದಾಗ, ಅಪ್ಪನ ಕೈಗುಣ ನನಗೆ ಬರಲಿಲ್ಲ, ನನ್ನ ತಮ್ಮನಿಗೆ ಬಂತು ಅಂತ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆನಲ್ಲೋ ಪಾಪಿ! ಅಪ್ಪನ ಮುಖವನ್ನು ಪ್ಯಾಕೆಟ್ಟಿನ ಮೇಲೆ ಹಾಕಿ ಒಳಗೆ ಮಾತ್ರೆ ತುಂಬಲು ನಿನ್ನ ಕೈ ಹೇಗೆ ಬಂತು? ದೇವರನ್ನು ನೀನು ನಂಬದಿದ್ದರೆ ಬಿಡು. ಸೊಪ್ಪನ್ನಾದರೂ ನಂಬಬಾರದಿತ್ತೇನೋ?

ಈಗ ಗಂಗಕ್ಕನ ವಿಷಯ. ನಿನ್ನ ಪ್ಯಾಕೆಟ್ಟಿನ ಪುಡಿ ಅವಳ ಹೊಟ್ಟೆಗೂ ಹೋಗುತ್ತಿತ್ತು. ಹೇಗೆ ಅನ್ನುವುದು ಈಗ ಬೇಡ. ಅವಳ ಮುಖ ಉಬ್ಬಿ ದುಂಡಗಾಗಿತ್ತು, ಆ ಮಾತ್ರೆ ತಿಂದರೆ ಹಾಗೇ ಆಗುತ್ತದೆ ಅಂತ ಮೇಡಂ ಹೇಳಿದ್ದರು. ತುಮಕೂರಿನಿಂದ ಬಂದವಳೇ ಬಸ್ಸು ಇಳಿದು ನೇರ ಅವಳ ಮನೆಗೆ ಹೋದೆ. "ಈ ಗಳಿಗೆಯಿಂದಲೇ ನಿಲ್ಲಿಸೇ ಗಂಗಿ, ಅದು ವಿಷ" ಅಂದೆ. ಅವಳು ನಕ್ಕಳು. "ಇಷ್ಟು ದಿನ ಅಮೃತ ಅಂತಿದ್ದೆ, ಈಗ ವಿಷ ಅಂತೀಯ, ನಿನ್ನ ಮಾತು ಕೇಳಿ ಕೇಳಿ ನಂಗೆ ಬುದ್ಧಿ ಕೆಡ್ತು ಕಣೇ" ಅಂದಳು. ಆದರೂ ನನ್ನ ಮಾತು ಮೀರಲಿಲ್ಲ, ನಿಲ್ಲಿಸಿದಳು.

ಒಂಬತ್ತನೆಯ ದಿನ ತೋಟದಲ್ಲಿ ಸೋಗೆ ಎಳೆಯುತ್ತಿದ್ದವಳು ಹಾಗೇ ಕುಸಿದಳು. ವಾಂತಿ, ಮೈಯೆಲ್ಲ ತಣ್ಣಗೆ, ನಾಡಿ ಸಿಗುತ್ತಿಲ್ಲ. ದಿನೇಶನ ಆಟೋದಲ್ಲಿ ತೆಂಗಿನಕಾಯಿ ಚೀಲದ ಮೇಲೆ ಮಲಗಿಸಿಕೊಂಡು ಹೋದೆವು. ನಾನು ಹಲಗೆಯ ವಿಷಯ ಹೇಳಿದೆ. ಡಾಕ್ಟರು ನನ್ನ ಮೇಲೆಯೇ ಸಿಟ್ಟಾದರು. ಯಾರಮ್ಮ ನಿಮಗೆ ಒಂದೇ ಸಲ ನಿಲ್ಲಿಸು ಅಂತ ಹೇಳಿದ್ದು? ಹೊರಗಿಂದ ತಿಂದೂ ತಿಂದೂ ದೇಹ ಅಂಥದ್ದೇ ಸ್ಟೀರಾಯ್ಡನ್ನ ತಾನಾಗಿ ಮಾಡಿಕೊಳ್ಳೋದನ್ನೇ ಮರೆತಿರುತ್ತೆ, ದಿನದಿನಕ್ಕೂ ಸ್ವಲ್ಪ ಸ್ವಲ್ಪ ಇಳಿಸ್ತಾ ಬರಬೇಕು. ಎಲ್ಲಿಂದ ಇಳಿಸಲಿ? ದಿನಕ್ಕೆ ಎಷ್ಟು ಒಳಗೆ ಹೋಗ್ತಿತ್ತು? ಅಂದರು. ವಿಷ ಅಂದರೆ ಉಗುಳಬೇಕು ಅಂತ ತಿಳಿದವಳು ನಾನು. ನನ್ನ ಭಕ್ತಿ ಹಾಗೆ, ನನ್ನ ಸಿಟ್ಟೂ ಹಾಗೇ, ನಡುವೆ ಮೆಟ್ಟಿಲಿಲ್ಲ. ಆ ತಪ್ಪು ನನ್ನದು. ಒಪ್ಪಿಕೊಂಡೆ.

ಜೀವಿತಾಳಿಗೆ ಫೋನ್ ಮಾಡಿ ಕೇಳಿದೆ. ಅತ್ತೆ, ಈ ಹಲಗೆ ಏನಿದೆ ಅಂತ ಹೇಳುತ್ತೆ, ಎಷ್ಟಿದೆ ಅಂತ ಸರಿಯಾಗಿ ಹೇಳಲ್ಲ, ಅದಕ್ಕೆ ಬೇರೆ ಮಿಷನ್ನು ಬೇಕು, ದಿನಗಳು ಹಿಡಿಯುತ್ತೆ, ಅಂದಳು. ನನಗೆ ಆ ದಿನಗಳಿಲ್ಲ. ಎಷ್ಟು ಅಂತ ಗೊತ್ತಿರುವವನು ನೀನೊಬ್ಬ. ಮತ್ತೇನಾದರೂ ಬೆರೆಸಿದ್ದರೆ ಅದನ್ನೂ ಬರೆ. ಬರೆದರೆ ಸಿಕ್ಕಿಬೀಳುತ್ತೀನಿ ಅಂತ ಯೋಚಿಸಬೇಡ. ಸಿಕ್ಕಿಬಿದ್ದಾಗಿದೆ. ಇವತ್ತು ಸಂಜೆ ಚೀಟಿ ಬರದಿದ್ದರೆ ನಾಳೆ ನಾನೇ ಬಂದು ನಿನ್ನ ಅಂಗಡಿಯ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ಆ ಐದನೆಯ ಚುಕ್ಕೆಯ ಕಥೆ ಹೇಳುತ್ತೇನೆ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನನ್ನ ಗಂಟಲು ಎಷ್ಟು ದೊಡ್ಡದು ಅಂತ ನಿನಗೆ ಗೊತ್ತು.

ಇಂತಿ,
ಇನ್ನೂ ನಿನ್ನ ಅಕ್ಕನೇ ಆಗಿರುವ
ಗಿರಿಜಾಂಬಿಕಾ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಗಂಗಕ್ಕ ನಿನ್ನ ಪ್ಯಾಕೆಟ್ಟನ್ನು ಒಂದು ದಿನವೂ ಕೊಂಡವಳಲ್ಲ. ಕೊಟ್ಟವಳು ನಾನು. ದೀಪಾವಳಿಯಿಂದ ಈಚೆಗೆ ನನ್ನ ಮಂಡಿಯೂ ರಟ್ಟೆಯೂ ಸೋತು ಒರಳು ಕುಟ್ಟಲಾಗಲಿಲ್ಲ. ನನಗೆಂದು ನೀನು ಕಳಿಸುತ್ತಿದ್ದ ಪ್ಯಾಕೆಟ್ಟುಗಳನ್ನೇ ಒಡೆದು ಅಪ್ಪನ ಡಬ್ಬಿಗೆ ಸುರಿದು, ವಿಭೂತಿ ಇಟ್ಟು, ನನ್ನ ಪುಡಿ ಅಂತ ಸೋಮವಾರ ಸೋಮವಾರ ಹಂಚಿದೆ. ಜೀವಿತಾ ಕೇಳಿದಾಗ ಮಾತ್ರ ಅವತ್ತು ಬೆಳಗ್ಗೆ ಹೊಸದಾಗಿ ಒಂದು ಹಿಡಿ ಕುಟ್ಟಿ ಕೊಟ್ಟೆ. ಆ ಹಲಗೆಯ ಮೇಲೆ ಚೊಕ್ಕಟವಾಗಿ ನಿಂತದ್ದು ಆ ಒಂದು ಹಿಡಿ ಮಾತ್ರ. ಮುಖ ಊದಿದ್ದ ಗಂಗಕ್ಕನೊಬ್ಬಳಿಗೆ ನಿಲ್ಲಿಸು ಅಂದೆ, ಮಿಕ್ಕವರಿಗೆ ಹೇಳಲು ಬಾಯಿ ಬರಲಿಲ್ಲ. ಇದನ್ನೆಲ್ಲ ದಿನೇಶನಿಗೆ ಹೇಳಿಯೇ ಕಾಗದ ಕೊಡುತ್ತಿದ್ದೇನೆ. ಅವನು ನನ್ನ ಮುಖ ನೋಡಲಿಲ್ಲ, ಕೈ ಮಾತ್ರ ಚಾಚಿದ. ಈಗ ಡಾಕ್ಟರು ಹೇಳಿದ ಹಾಗೆ, ಚೀಟಿ ಬರುವವರೆಗೆ ಯಾರೂ ಪುಡಿ ನಿಲ್ಲಿಸಬೇಡಿ ಅಂತ ಮನೆಮನೆಗೆ ಹೇಳಲು ಹೊರಟಿದ್ದೇನೆ. ನೀನು ಬರೆಯುವ ಲೆಕ್ಕ ಹನ್ನೊಂದು ಜನಕ್ಕೆ ಬೇಕು, ಮರುಳಸಿದ್ದ. ಹನ್ನೊಂದನೆಯವಳು ನಾನು. ಗಂಗಕ್ಕನಿಗೆ ವಿಷ ಅಂದು ಬಂದ ರಾತ್ರಿಯೂ ಮಂಡಿ ನೋವು ತಡೆಯದೆ ಒಂದು ಚಮಚ ಬಾಯಿಗೆ ಹಾಕಿಕೊಂಡೆ.