ದರ್ಜಿ ಅಮ್ಮನ ಮನೆಯ ಗಾಳಿಮರ

ಭಾನುವಾರ, ಮೇ ೯

ಪ್ರೀತಿಯ ಅಣ್ಣನಿಗೆ,

ನಾನು, ನಿನ್ನ ತಂಗಿ ಬೆಕ್ಕು, ಬರೆಯುತ್ತಿದ್ದೇನೆ. ನೀನು ಹೇಗಿದ್ದೀಯ, ಸೊಂಟದ ನೋವು ಹೇಗಿದೆ, ಕೋಲು ಬಿಟ್ಟು ನಡೆಯುತ್ತೀಯಂತೆ ನಿಜವಾ, ಕೆಲಸದ ಅಂಗಡಿಯಲ್ಲಿ ಒರಗಿ ಕೂರುವಂಥ ಕುರ್ಚಿ ಕೊಟ್ಟಿದ್ದಾರಾ ಎಂದು ಅಮ್ಮ ಒಂದೇ ಉಸಿರಿನಲ್ಲಿ ಕೇಳಿದಳು. ನಾನೂ ಒಂದೇ ಉಸಿರಿನಲ್ಲಿ ಬರೆದಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಕೋಪ ಮಾಡಿಕೊಳ್ಳಬೇಡ. ಅಂಗೈಯಲ್ಲಿ ಬೊಕ್ಕೆ ಎದ್ದು ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನು ಯಾವಾಗಲೂ ಅಪ್ಪನ ಮಗ್ಗುಲಲ್ಲಿರುತ್ತದೆ. ಅದೂ ಅಲ್ಲದೆ ಫೋನಿನಲ್ಲಿ ನನಗೆ "ಹೂಂ", "ಸರಿ" ಬಿಟ್ಟರೆ ಬೇರೆ ಮಾತು ಹೊರಡುವುದಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಬೊಕ್ಕೆ ಎಲ್ಲಿಂದ ಬಂತು ಎಂದು ಹೇಳಿಯೇಬಿಡುತ್ತೇನೆ. ಮರ ಇಳಿಸುವಾಗ, ಕೊಯ್ದ ಕೊಂಬೆ ಧೊಪ್ಪನೆ ಬೀಳದಂತೆ ಕೆಳಗೆ ಹಗ್ಗ ಹಿಡಿಯುತ್ತಿರುವುದು ಈಗ ನಾನು. ನೀನು ಮರದಿಂದ ಬಿದ್ದ ದಿನದಿಂದ ಅಪ್ಪ ಹಗ್ಗ ಮುಟ್ಟಿರಲಿಲ್ಲ. ಮರದ ಸುತ್ತ ನಡೆದು ನೋಡುತ್ತಾನೆ, ಎಲ್ಲಿ ಕೊಯ್ಯಬೇಕು, ಯಾವ ಕಡೆ ಇಳಿಸಬೇಕು ಎಂದು ಹೇಳುತ್ತಾನೆ, ಹಗ್ಗ ಬಿಚ್ಚುವ ಹೊತ್ತಿಗೆ ಗಾಡಿಯ ಹತ್ತಿರ ಏನಾದರೂ ಕೆಲಸ ಹುಡುಕಿಕೊಂಡು ಹೋಗಿಬಿಡುತ್ತಾನೆ. ಕೂಲಿಗೆ ಬಂದವರು ಯಾರೂ ನಿಲ್ಲಲಿಲ್ಲ. ನಿನ್ನ ಜಾಗದಲ್ಲಿ ಹತ್ತುವವನು ನಿನ್ನ ಗೆಳೆಯ ರೇಡಿಯೊ. ಬಾಯಿಗೆ ಬಿಡುವಿಲ್ಲದವನು ಎಂದು ನೀನೇ ಇಟ್ಟ ಹೆಸರು, ಈಗ ಊರೆಲ್ಲ ಹಾಗೇ ಕರೆಯುತ್ತದೆ. ಅವನೇ ಒಂದು ದಿನ, "ಬೆಕ್ಕನ್ನ ನಿಲ್ಸಿ ಮಾವ. ಅದು ಮಾತಾಡಲ್ಲ, ಕಣ್ಣು ಹಗ್ಗದ ಮೇಲೇ ಇರುತ್ತೆ" ಎಂದ. ಅಮ್ಮ ಅವನಿಗೆ ಅವತ್ತು ಚಹಾ ಕೊಡಲಿಲ್ಲ. ಮರುದಿನ ನಾನು ನಿಂತೆ.

ನೀನು ಪ್ರತಿ ಪತ್ರದಲ್ಲೂ ಬರೆಯುತ್ತೀಯಲ್ಲ, "ನನ್ನ ಹಗ್ಗ ಕಟ್ಟಿದ ಕೊಂಬೆಗೆ ಹುಳ ಹಿಡಿದಿತ್ತು, ನಾನೇ ಸರಿಯಾಗಿ ನೋಡಲಿಲ್ಲ, ಬೇರೆ ಯಾರ ತಪ್ಪೂ ಅಲ್ಲ" ಎಂದು, ಅದನ್ನು ಅಪ್ಪನಿಗೆ ತಪ್ಪದೆ ಓದಿ ಹೇಳುತ್ತೇನೆ. ಕೇಳುತ್ತಾನೆ, ಎದ್ದು ಹೋಗುತ್ತಾನೆ. ಹೀಗೇ ವರ್ಷ ಕಳೆಯಿತು. ನೀನು ಅಲ್ಲಿ, ಅವನು ಇಲ್ಲಿ, ನಡುವೆ ನಾನು ಟಪಾಲು.

ಈಗ ಒಂದು ಒಳ್ಳೆಯ ಸುದ್ದಿ ಇದೆ. ಅದನ್ನು ಮೊದಲಿನಿಂದ ಹೇಳುತ್ತೇನೆ.

ಸಮುದ್ರದ ಬೀದಿಯ ಕೊನೆ ಮನೆಯ ದರ್ಜಿ ಅಮ್ಮ ಗೊತ್ತಲ್ಲ, ಒಬ್ಬರೇ ಇರುತ್ತಾರೆ, ಅವರು ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ನಮ್ಮ ಮನೆಗೆ ಬಂದರು. "ಹಿತ್ತಲಲ್ಲಿ ಒಂದು ಗಾಳಿಮರ ವಾಲಿದೆ. ಬಂದು ನೋಡಿ, ಕಡಿಯೋದೇನೂ ಬೇಡ ಅಂತ ಹೇಳಿ ಹೋಗಿ, ಅಷ್ಟೇ" ಎಂದರು. ಅಪ್ಪ ನಕ್ಕ. ಅವನು ನಕ್ಕಿದ್ದು ನೋಡಿ ಅಮ್ಮ ಒಳಗಿಂದ ಇಣುಕಿದಳು.

ಅಪ್ಪ, ರೇಡಿಯೊ, ನಾನು ಹೋಗಿ ನೋಡಿದೆವು. ಹೋದ ಮಳೆಗಾಲದ ದೊಡ್ಡ ಅಲೆಗಳು ದಿಬ್ಬದ ಮರಳನ್ನು ತಿಂದುಬಿಟ್ಟಿವೆ. ಸಮುದ್ರದ ಕಡೆಯ ಬೇರುಗಳೆಲ್ಲ ಹೊರಗೆ ಜೋತು ಬಿದ್ದಿವೆ. ಮರ ಮನೆಯ ಕಡೆ ಬಾಗಿದೆ, ಒಂದು ದೊಡ್ಡ ಕವಲು ಅಡುಗೆಮನೆಯ ಹೆಂಚಿನ ಮೇಲೇ ಚಾಚಿಕೊಂಡಿದೆ. ಅಪ್ಪ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣಿನ ಬಿರುಕಿಗೆ ಒಂದು ಒಣಕಡ್ಡಿ ಸಿಕ್ಕಿಸಿ, "ನೋಡಿ ಅಮ್ಮಾ" ಎಂದ. ಗಾಳಿ ಬೀಸಿದಾಗ ಬಿರುಕು ಬಾಯಿ ಬಿಟ್ಟಿತು, ಕಡ್ಡಿ ಒಳಗೆ ಇಳಿಯಿತು. ಗಾಳಿ ನಿಂತಾಗ ಬಿರುಕು ಕಡ್ಡಿಯನ್ನು ಕಚ್ಚಿ ಮುರಿಯಿತು. ನೆಲದೊಳಗೆ ಮರ ಅಲ್ಲಾಡುತ್ತಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ದರ್ಜಿ ಅಮ್ಮ ಮುರಿದ ಕಡ್ಡಿಯ ತುಂಡನ್ನು ಎತ್ತಿ ನೋಡಿದರು. ಆಮೇಲೆ, "ಮರ ಹೋದ್ರೆ ಸಮುದ್ರ ನೇರ ನನ್ನ ಮಿಷನ್ ಹತ್ರಾನೇ ಬರುತ್ತೆ" ಎಂದರು.

"ಮರ ಹೋಗುತ್ತೆ, ಬುಡ ಹೋಗಲ್ಲ" ಎಂದ ಅಪ್ಪ. "ಸೊಂಟದ ಎತ್ತರಕ್ಕೆ ಬೊಡ್ಡೆ ಬಿಡ್ತೀನಿ. ಬೇರು ಕೀಳಲ್ಲ. ಇರೋ ಮರಳನ್ನ ಅದು ಹಿಡ್ಕೊಂಡಿರುತ್ತೆ. ಅಷ್ಟರಲ್ಲಿ ದಿಬ್ಬದ ಮೇಲೆ ಬಳ್ಳಿ ಹಬ್ಬಿಸಿ, ಹಿಂದೆ ಎರಡು ಸಸಿ ಇಡಿ."

"ಅವು ಯಾವಾಗ ಬೆಳೀತವೆ, ನಾನು ಯಾವಾಗ ನೋಡ್ತೀನಿ?"

"ನೀವು ಹೊಲಿದ ಲಂಗಾನೆಲ್ಲ ನೀವೇ ಉಟ್ಕೋತೀರಾ?" ಎಂದ ರೇಡಿಯೊ. ಅವರು ಟೇಪಿನಲ್ಲೇ ಅವನಿಗೆ ಒಂದು ಕೊಟ್ಟರು. ಒಪ್ಪಿಕೊಂಡರು.

ಕೆಲಸದ ದಿನ ಬೆಳಕು ಹರಿಯುವ ಮೊದಲೇ ಹೋದೆವು. ಬೆಳಗ್ಗೆ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ, ಬಿಸಿಲೇರಿದ ಮೇಲೆ ತಿರುಗಿ ಮನೆಯ ಕಡೆಗೆ ಬೀಸುತ್ತದೆ. ತಿರುಗುವ ಮೊದಲು ಕವಲು ಇಳಿಯಬೇಕು. ಲೈನ್‌ಮ್ಯಾನ್ ಬಂದು ಕರೆಂಟಿನ ತಂತಿ ತೆಗೆದು ಹೋದ. ಮನೆಯೊಳಗೆ ಇರಕೂಡದು ಎಂದು ಅಪ್ಪ ಹೇಳಿದರೆ ದರ್ಜಿ ಅಮ್ಮ, "ಮಿಷನ್ ಬಿಟ್ಟು ಬರಲ್ಲ" ಎಂದು ಹಟ ಹಿಡಿದರು. ನಾನೂ ರೇಡಿಯೊನೂ ಹೊಲಿಗೆ ಮಿಷನ್ನು ಹೊತ್ತು ಪಕ್ಕದ ಮನೆಯ ಜಗಲಿಯ ಮೇಲೆ ಇಟ್ಟೆವು. ಅವರು ಅಲ್ಲೇ ಕೂತು ಯಾರದೋ ಕುಪ್ಪಸಕ್ಕೆ ತೋಳು ಕೂಡಿಸುತ್ತಾ ನಮಗಾಗಿ ಕಾದರು.

ಬುಡ ಅಲ್ಲಾಡುವ ಮರಕ್ಕೆ ಮನುಷ್ಯನನ್ನು ಕಟ್ಟಬಾರದು ಎಂಬುದು ಅಪ್ಪನ ಮಾತು, ನಿನಗೆ ಗೊತ್ತು. ಆಚೆಗೆ ಇನ್ನೊಂದು ಗಾಳಿಮರ ಗಟ್ಟಿಯಾಗಿದೆ. ರೇಡಿಯೊ ಅದನ್ನು ಹತ್ತಿ, ತನ್ನ ಹಗ್ಗವನ್ನೂ ರಾಟೆಯನ್ನೂ ಅದಕ್ಕೇ ಕಟ್ಟಿ, ಅಲ್ಲಿಂದ ಈ ಮರಕ್ಕೆ ದಾಟಿ ಕೊಯ್ದ. ಇಳಿಸುವ ಹಗ್ಗ ರಾಟೆಯಿಂದ ಕೆಳಗೆ ಬಂದು ಗಟ್ಟಿ ಮರದ ಬುಡಕ್ಕೆ ಸುತ್ತಿಕೊಂಡು ನನ್ನ ಕೈಗೆ ಬರುತ್ತಿತ್ತು. ಸಣ್ಣ ಕೊಂಬೆಗಳೆಲ್ಲ ಸಲೀಸಾಗಿ ಇಳಿದವು. ರೇಡಿಯೊ ಮೇಲಿಂದಲೇ ತನ್ನ ಹೆಣ್ಣು ನೋಡುವ ಶಾಸ್ತ್ರದ ಕಥೆ ಹೇಳುತ್ತಿದ್ದ. ಹುಡುಗಿಯ ಅಪ್ಪನಿಗೆ ಒಂದು ಪ್ರಶ್ನೆ ಕೇಳಲೂ ಬಿಡದೆ ಇವನೇ ಮಾತಾಡಿ ಬಂದನಂತೆ. ಆದರೂ ಒಪ್ಪಿದ್ದಾರೆ. ಬಹುಶಃ ಸುಸ್ತಾಗಿ ಒಪ್ಪಿರಬೇಕು.

ಕೊನೆಗೆ ಅಡುಗೆಮನೆಯ ಮೇಲಿನ ಕವಲು ಉಳಿಯಿತು. ರೇಡಿಯೊ ಮಾತು ನಿಲ್ಲಿಸಿದ. ಅವನು ಮಾತು ನಿಲ್ಲಿಸಿದರೆ ನನಗೆ ಭಯವಾಗುತ್ತದೆ. ನಾನು ಕಾಲು ಊರಿ, ಹಗ್ಗ ಬಿಗಿಯಾಗಿ ಹಿಡಿದು, ಏನಾದರೂ ಬಿಡುವುದಿಲ್ಲ ಎಂದುಕೊಂಡೆ. ಅವನು ಕೊಯ್ಯಲು ಗರಗಸದ ಮಿಷನ್ ಎತ್ತಿದ.

"ನಿಲ್ಲೋ" ಎಂದ ಅಪ್ಪ. ಗಾಡಿಯ ಹತ್ತಿರದಿಂದ ನನ್ನ ಕೈಯನ್ನೇ ನೋಡುತ್ತಿದ್ದನಂತೆ. ಬಂದು ನನ್ನ ಬೆನ್ನ ಹಿಂದೆ ನಿಂತು, ಎರಡೂ ಕೈ ಚಾಚಿ, ನನ್ನ ಕೈಯ ಮುಂದೆ ಹಗ್ಗ ಹಿಡಿದ. ನೀನು ಬಿದ್ದ ಮೇಲೆ ಅವನು ಹಗ್ಗ ಮುಟ್ಟಿದ್ದು ಅದೇ ಮೊದಲು ಅಣ್ಣಾ.

"ಮಾವ, ನೀವಾ?" ಎಂದ ರೇಡಿಯೊ ಮೇಲಿಂದ.

"ನಾನೇ. ಕೊಯ್ಯಿ."

ಕವಲು ಕಳಚಿತು. ಭಾರ ಬಂದ ಕೂಡಲೇ ನನ್ನ ಕೈ ತಾನಾಗಿಯೇ ಬಿಗಿಯಿತು. "ಬಿಡು" ಎಂದ ಅಪ್ಪ ಕಿವಿಯ ಹತ್ತಿರ. "ಬಿಡು ಮಗಾ, ಓಡ್ಲಿ. ಹಿಡಿದ್ರೆ ಜಗ್ಗುತ್ತೆ, ಮೇಲಿರೋನನ್ನ ಒದರಿಬಿಡುತ್ತೆ. ಓಡ್ಲಿ ಬಿಡು." ಹಗ್ಗ ಮರದ ತೊಗಟೆಯ ಮೇಲೆ ಸರ್ರೆಂದು ಓಡಿತು. ಹೆಂಚು ಹೋಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ. "ಈಗ. ಮೆಲ್ಲಗೆ. ಸ್ವಲ್ಪ ಸ್ವಲ್ಪವಾಗಿ ಹಿಡೀತಾ ಬಾ." ಕಣ್ಣು ಬಿಟ್ಟಾಗ ಕವಲು ಅಡುಗೆಮನೆಯ ಪಕ್ಕದಲ್ಲಿ, ನೆಲದಿಂದ ಒಂದಾಳೆತ್ತರದಲ್ಲಿ, ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಗಟ್ಟಿ ಮರ ಒಮ್ಮೆ ತಲೆ ಆಡಿಸಿ ಸುಮ್ಮನಾಯಿತು. ರೇಡಿಯೊ ಅಲ್ಲೇ ಇದ್ದ.

"ಇಲ್ಲೇ ಮಲಗಿದ್ರೂ ನನ್ನ ನಿದ್ದೆ ಕೆಡ್ತಿರ್ಲಿಲ್ಲ ಮಾವ" ಎಂದು ಕೂಗಿದ. ಮತ್ತೆ ಹುಡುಗಿಯ ಕಥೆ ಶುರು ಮಾಡಿದ.

ಬೊಡ್ಡೆ ಬಿಟ್ಟು ಉಳಿದದ್ದನ್ನೆಲ್ಲ ಇಳಿಸಿ ಮುಗಿಸುವ ಹೊತ್ತಿಗೆ ಗಾಳಿ ತಿರುಗಿತು. ಮಿಷನ್ನನ್ನು ಒಳಗಿಟ್ಟಾಗ ದರ್ಜಿ ಅಮ್ಮ ಕಿಟಕಿಯ ಹತ್ತಿರ ಸೂಜಿಗೆ ದಾರ ಪೋಣಿಸಿದರು. ಮೊದಲ ಸಲಕ್ಕೇ ಪೋಣಿಸಿದರು. "ಇಷ್ಟು ಬೆಳಕು ಇತ್ತಾ ಇಲ್ಲಿ" ಎಂದರು. ಅಳುತ್ತಿದ್ದರೋ ಬೆಳಕಿಗೆ ಕಣ್ಣು ಕಿರಿದು ಮಾಡಿದ್ದರೋ ತಿಳಿಯಲಿಲ್ಲ. ಅದೇ ಬೀದಿಯಲ್ಲಿ ಇನ್ನೂ ಮೂರು ಮನೆಯವರು ತಮ್ಮ ಮರ ನೋಡಲು ಕರೆದಿದ್ದಾರೆ. ಅಪ್ಪ ಮರುದಿನವೂ ಹಗ್ಗ ಹಿಡಿದ, ಯಾರೂ ಹೇಳದೆಯೇ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಬೆನ್ನಿಗೆ ದಿಂಬು ಇಟ್ಟುಕೋ ಎಂದಿದ್ದಾಳೆ. ನಿನ್ನ ನಡಿಗೆ ದಿನದಿನಕ್ಕೂ ಗಟ್ಟಿಯಾಗಲಿ ಎಂದು ನಾನೂ ಬೇಡಿಕೊಳ್ಳುತ್ತೇನೆ. ರೇಡಿಯೊ ಹೇಳಿದ್ದನ್ನೆಲ್ಲ ಬರೆದರೆ ಅಂಚೆಯವರು ಇನ್ನೊಂದು ಸ್ಟ್ಯಾಂಪು ಕೇಳುತ್ತಾರೆ.

ನಿನ್ನ ತಂಗಿ,
ಬೆಕ್ಕು

ಇನ್ನೊಂದು ಮಾತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ.

ಅವತ್ತು ಮನೆಗೆ ಬಂದು ನಲ್ಲಿಯಲ್ಲಿ ಕೈ ತೊಳೆಯುತ್ತಾ ಅಪ್ಪ ನನಗೆ ಹೇಳಿದ: "ಅವನು ಬಿದ್ದ ದಿನ ಆ ಕೊಂಬೆ ಮುರಿದ ಜಾಗ ನೋಡಿದ್ದೀನಿ. ಒಳಗೆ ಬೆಳ್ಳಗಿತ್ತು, ಹಸಿಯಾಗಿತ್ತು. ಒಂದು ಹುಳದ ತೂತೂ ಇರ್ಲಿಲ್ಲ. ಕೊಯ್ದ ತುಂಡು ಅವನ ಕಡೆ ತೂಗುತ್ತೆ ಅಂತ ಹೆದರಿ ನಾನು ಹಗ್ಗ ಬಿಗಿ ಹಿಡಿದೆ. ಹಾಗೆ ಜಗ್ಗಿದ್ದಕ್ಕೆ ಅವನು ಹಗ್ಗ ಕಟ್ಟಿದ್ದ ಕೊಂಬೇನೇ ಮುರೀತು. ಅವನಿಗೂ ಗೊತ್ತು."

"ನಿನಗೆ ನೋವಾಗಬಾರದು ಅಂತ ಅಣ್ಣ ಹಾಗೆ ಬರೀತಾನೆ" ಎಂದೆ.

"ಹೌದು. ಅದಕ್ಕೇ ನಂಗೆ ಅವನ ಹತ್ರ ಮಾತಾಡೋಕಾಗ್ತಿಲ್ಲ. ಹುಳ, ಹುಳ ಅಂತಾನೆ. ನಾನು ಏನನ್ಲಿ? ಒಂದ್ಸಲ ಎದುರಿಗೆ ನಿಂತು ಬೈದಿದ್ರೆ, ಹೌದಪ್ಪಾ ಅಂತಿದ್ದೆ. ಆಮೇಲೆ ಇಬ್ರೂ ಕೂತು ಊಟ ಮಾಡ್ತಿದ್ವಿ."

ಅಣ್ಣಾ, ಇನ್ನು ಹುಳದ ಮಾತು ಬರೆಯಬೇಡ. ರಜೆ ಕೇಳಿಕೊಂಡು ಬಾ. ಬಂದು ಅಪ್ಪನನ್ನು ಚೆನ್ನಾಗಿ ಬೈಯಿ. ನಾನು, ಅಮ್ಮ ಹೊರಗೆ ಕೂತಿರುತ್ತೇವೆ.