ಎರಡು ರುಜು

ಹೂವಿನಹಡಗಲಿ

ಡಾಕ್ಟರ್ ಸಾಹೇಬರಿಗೆ ಅನ್ನದಾನಮ್ಮನ ನಮಸ್ಕಾರ.

ನಡುಕ ನಿಲ್ಲಲೆಂದು ನಮ್ಮ ಮನೆಯವರಾದ ಕೊಟ್ರಸ್ವಾಮಿಯವರ ತಲೆಯೊಳಗೆ ತಂತಿ, ಎದೆಯಲ್ಲಿ ಅದನ್ನು ನಡೆಸುವ ಮಷೀನು ಇಟ್ಟಿರಿ. ನಡುಕ ನಿಂತಿತು, ಉಪಕಾರವಾಯಿತು. ಆದರೆ ಅವತ್ತಿನಿಂದ ಈ ಮನುಷ್ಯನಿಗೆ ದುಃಖವೆನ್ನುವುದೇ ಬರುತ್ತಿಲ್ಲ. ಹೋದ ತಿಂಗಳು ಇಟ್ಟಿಗಿಯಲ್ಲಿ ತೀರಿಕೊಂಡ ಸ್ವಂತ ಅಣ್ಣನನ್ನು ಮಣ್ಣು ಮಾಡಲು ಗುಣಿಯಲ್ಲಿ ಕೂರಿಸಿ ಎಲ್ಲರೂ ವಿಭೂತಿ ಹಾಕುತ್ತಿದ್ದರೆ, ಇವರು “ಊಟಕ್ಕೇನು ಮಾಡಿಸೀರಿ?” ಎಂದು ನಗುನಗುತ್ತಾ ಕೇಳಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮಷೀನು ಸ್ವಲ್ಪ ಕಡಿಮೆ ಮಾಡಿ ಎಂದು ಮೂರು ಸಲ ಫೋನು ಮಾಡಿದೆ. ಪೇಶಂಟೇ ರುಜು ಹಾಕಿ ಕೇಳಬೇಕೆಂದು ಮೂರು ಸಲವೂ ಹೇಳಿದಿರಿ. ಇವರೋ, “ಹಿಂಗೇ ಇರ್ಲಿ ಬಿಡು, ಆರಾಮ ಅದೀನಿ” ಎನ್ನುತ್ತಾ ‘ಬೇಡ’ ಎಂದು ಬರೆದು ಮುತ್ತಿನಂಥ ರುಜು ಹಾಕಿದರು.

ಮೊನ್ನೆ ತಪಾಸಣೆಗೆಂದು ನೀವು ಮಷೀನು ಹತ್ತು ನಿಮಿಷ ಬಂದ್ ಮಾಡಿದಿರಲ್ಲ, ಆಗ ನಡುಕ ತಿರುಗಿ ಬಂತು. ನನ್ನ ಕೈ ಹಿಡಿದು, “ಅಣ್ಣನ ಮಣ್ಣಿನಾಗ ನಕ್ಕುಬಿಟ್ನಲ್ಲ! ನಡುಗಿದ್ರ ನಡುಗ್ಲಿ, ಕಡಿಮಿ ಮಾಡ್ಸು” ಎಂದು ಅತ್ತು, ನಡುಗುವ ಕೈಯಲ್ಲೇ ಹಾಗೆಂದು ಬರೆದು ರುಜು ಹಾಕಿದರು.

ಎರಡೂ ಕಾಗದ ಕಳಿಸಿದ್ದೇನೆ. ನಮ್ಮ ಮನೆಯವರದು ಯಾವುದೆಂದು ನೀವೇ ಹೇಳಿ. ಮುತ್ತಿನಂಥ ಹೊಸ ರುಜು ತಮ್ಮಲ್ಲಿರುವ ಹಳೆಯ ನಡುಗು ರುಜುವಿಗೆ ತಾಳೆಯಾಗುವುದಿಲ್ಲವೆಂದು ಬ್ಯಾಂಕಿನವರು ನಿನ್ನೆ ಚೆಕ್ಕು ವಾಪಸು ಕೊಟ್ಟರು. ಅವರಿಗೆ ಬೇಕಾದದ್ದು ನಡುಗುವ ಕೊಟ್ರಸ್ವಾಮಿಯೇ. ನನಗೂ ಅಷ್ಟೇ.

ಉತ್ತರಕ್ಕೆ ಕಾದು ಸಾಕಾದ,
ಅನ್ನದಾನಮ್ಮ