ಮುದ್ರೆ ಒತ್ತಿದ ರಾಶಿ

ಸಫರ್ ತಿಂಗಳ ಹನ್ನೆರಡು, ರಾತ್ರಿ.

ಹನ್ನೊಂದು ದಿನದಿಂದ ನಮ್ಮ ಗೋಧಿ ಕಣದಲ್ಲೇ ಬಿದ್ದಿತ್ತು. ತೆರಿಗೆ ಧಣಿಯ ಕಡೆಯವರು ಬಂದು ಅವನ ಪಾಲು ಅಳೆಯುವ ತನಕ ಒಂದು ಕಾಳೂ ಮನೆಗೆ ಒಯ್ಯುವಂತಿಲ್ಲ. ನಾವು ಕದಿಯಬಾರದೆಂದು ಅವನ ಆಳು ರಾಶಿಯ ಮೈಮೇಲೆ ಸುತ್ತಲೂ ಮರದ ಅಚ್ಚಿನಿಂದ ಮುದ್ರೆ ಒತ್ತಿ ಹೋದ; ಕಾಳು ಕದಲಿದರೆ ಗುರುತು ಕೆಡುತ್ತದೆ. ಹೋದವನು ಹೋದ.

ಮೊದಲು ಈ ಊರಿನ ತೆರಿಗೆ, ಸಂಬಳದ ಬದಲಿಗೆ, ಸುಲ್ತಾನರ ಕುದುರೆ ಸವಾರ ತುರಹಾನನ ಪಾಲಿಗಿತ್ತು. ಅವನೇನು ದೇವದೂತನಲ್ಲ, ನಮ್ಮ ಕೋಳಿ ತಿಂದೇ ಕೊಬ್ಬಿದವನು. ಆದರೂ ಮೋಡ ಕಂಡರೆ ಓಡಿ ಬರುತ್ತಿದ್ದ, ಅವನ ಪಾಲೂ ನೆನೆಯುತ್ತಿತ್ತಲ್ಲ! ಈಗ ಸುಲ್ತಾನರು ನಮ್ಮ ತೆರಿಗೆಯನ್ನು ಇಸ್ತಾಂಬುಲ್‌ನ ಯಾವನೋ ಧಣಿಗೆ ಅವನ ಆಯುಸ್ಸಿರುವ ತನಕ ಮಾರಿದ್ದಾರೆ. ಅವನಿಗೆಲ್ಲಿ ಕಾಣಬೇಕು ನಮ್ಮ ಮೋಡ?

ಸಂಜೆ ಹನಿ ಬಿತ್ತು. ಮಗ ಇಲ್ಯಾಸ್ ಕೈಕಟ್ಟಿ ನಿಂತಿದ್ದ.

"ಮುದ್ರೆ ಮುಟ್ಟಿದ್ರೆ ಬೆನ್ನು ಚರ್ಮ ಸುಲೀತಾರೆ, ಅವ್ವಾ."

"ಮೊಳಕೆ ಬಂದ್ಮೇಲೆ ಏನ್ ತಿಂತೀಯೋ? ಚಳಿಗಾಲ ಪೂರ್ತಿ ಆ ಮುದ್ರೆ ನೆಕ್ತೀಯಾ?"

ನಾನೇ ಹೋಗಿ ಮುದ್ರೆಯ ನಡುವೆ ಕೈ ಹಾಕಿದೆ. ಒಳಗಿನ ಕಾಳು ಆಗಲೇ ಬಿಸಿಯೇರಿತ್ತು. ಸೊಸೆ ಚೀಲ ತಂದಳು. ಕೊನೆಗೆ ಇಲ್ಯಾಸನೂ ಬಂದು ಮನೆಗೆ ಹೊತ್ತ.

ಆಳು ಕೇಳಿದರೆ ಕೋಳಿ ಕೆದರಿತು ಎನ್ನುತ್ತಾನಂತೆ ಮಗ, ಹೇಡಿ. ನಾನೇ ಒಡೆದೆ ಎನ್ನುತ್ತೇನೆ. ಎಪ್ಪತ್ತರ ಬೆನ್ನಿನಲ್ಲಿ ಸುಲಿಯಲು ಚರ್ಮವೆಲ್ಲಿದೆ?

ಕಳ್ಳಿಯಲ್ಲ ನಾನು. ಎಂಟರಲ್ಲೊಂದು ಪಾಲು ಧಣಿಯದು. ಅದನ್ನು ಕಣದಲ್ಲೇ ಬಿಟ್ಟಿದ್ದೇನೆ, ಅದರ ಮೇಲಿನ ಮುದ್ರೆ ಅಳಿಸದಂತೆ. ಈಗ ಮಳೆ ಜೋರಾಗಿದೆ. ಧಣಿಯೂ ಓಡಿ ಬರಲಿ.